ತುಕ್ಕಿನ ಎರಡು ಚುಕ್ಕಿ

ನಮ್ಮ ಪುಸ್ತಕದಲ್ಲಿ ನಿನ್ನ ಹೆಸರು ಇರುತ್ತದೆ, ನೂರು ವರ್ಷವಾದರೂ ಇರುತ್ತದೆ ಎಂದು ಸಿಸ್ಟರ್ ಸೆವ್ರಿನ್ ಹೆರಿಗೆ ಕೆಲಸದ ಮರೆವ್ವನಿಗೆ ಮಾತು ಕೊಟ್ಟದ್ದು ಎಪ್ಪತ್ತೊಂಬತ್ತರಲ್ಲಿ, ತುಕ್ಕಾನಟ್ಟಿಯ ದವಾಖಾನೆಯ ಹಿಂದಿನ ಕಟ್ಟೆಯ ಮೇಲೆ ಕೂತು. ಆ ದಿನ ಇಬ್ಬರೂ ಸೇರಿ ಅಡ್ಡ ನಿಂತ ಕೂಸನ್ನು ತಿರುಗಿಸಿ, ತಾಯಿ ಮಗು ಎರಡನ್ನೂ ಉಳಿಸಿಕೊಂಡಿದ್ದರು. ಕೈ ತೊಳೆದು ಚಹಾ ಕುಡಿಯುವಾಗ ಬಂದ ಮಾತು. ಸಿಸ್ಟರ್ ಅದನ್ನು ಮರೆತರೋ ಏನೋ, ಮರೆವ್ವ ಮರೆಯಲಿಲ್ಲ.

ಹಾಗಾಗಿ ಮಗಳು ಭಾಗ್ಯಾಗೆ ಗೋಕಾಕದ ಸಿಸ್ಟರ್‌ಗಳ ಮಠದಲ್ಲಿ ಹಳೆಯ ಕಾಗದಪತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿದಾಗ ಮುದುಕಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಎಪ್ಪತ್ತು ದಾಟಿದ್ದಾಳೆ, ಮಗಳ ಮನೆಯಲ್ಲೇ ಇದ್ದು ಮೊಮ್ಮಗಳು ಕಾಜಲ್‌ಳ ಜಡೆ ಹೆಣೆಯುತ್ತಾಳೆ. ಭಾಗ್ಯಾ ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಪ್ರಶ್ನೆ ಬಾಗಿಲಿಗೆ ಬಂದು ನಿಂತಿರುತ್ತಿತ್ತು.

"ನನ್ನ ಹೆಸರು ಸಿಕ್ಕಿತೇನ?"

"ಇನ್ನೂ ಇಲ್ಲ ಯವ್ವಾ. ಮೂವತ್ತಾರು ವಹಿ ಅದಾವ. ಸಾವಕಾಶ ಸಿಗತೈತಿ."

ಮಠ ಬಂದು ಎಪ್ಪತ್ತೈದು ವರ್ಷ ತುಂಬುವ ಹೊತ್ತು. ಚರಿತ್ರೆ ಬರೆಯಲೆಂದು ಕರಾವಳಿ ಕಡೆಯ ಸಿಸ್ಟರ್ ಜೆಸಿಂತಾ ಬಂದಿದ್ದರು. ಮಠದವರ ತುಕ್ಕಾನಟ್ಟಿಯ ದವಾಖಾನೆ ಮುಚ್ಚಿ ಬಹಳ ವರ್ಷವಾಗಿತ್ತು. ಅಲ್ಲಿಯ ವಹಿಗಳು ಒಂದು ತಗಡಿನ ಟ್ರಂಕಿನಲ್ಲಿ ಗೋಕಾಕಕ್ಕೆ ಬಂದು ಅಟ್ಟ ಸೇರಿದ್ದವು. ಪ್ರತಿ ಮನೆಯ ಮುಖ್ಯಸ್ಥೆ ದಿನಾ ಸಂಜೆ ಆ ದಿನದ್ದನ್ನು ನಾಲ್ಕು ಸಾಲು ಬರೆದಿಡುವುದು ಅವರ ಸಂಘದ ನಿಯಮ. ಆ ವಹಿಗಳನ್ನು ಬ್ರಷ್ಷಿನಿಂದ ಒರೆಸುವುದು, ಹರಿದಲ್ಲಿ ಕೆಳಗಿನ ಅಕ್ಷರ ಕಾಣುವಂಥ ತೆಳು ಕಾಗದ ಅಂಟಿಸುವುದು, ಯಾವ ಪುಟದಲ್ಲಿ ಏನಿದೆ ಎಂದು ಪಟ್ಟಿ ಮಾಡುವುದು ಭಾಗ್ಯಾಳ ಕೆಲಸ. ಮೊದಲು ಮೂರು ದಿನ ಬೆಳಗಾವಿಯಲ್ಲಿ ತರಬೇತಿಯೂ ಆಗಿತ್ತು. ತುಕ್ಕು ಹಿಡಿದ ಗುಂಡುಸೂಜಿ ಕಾಗದದ ವೈರಿ, ಕಂಡ ಕೂಡಲೇ ತೆಗೆಯಬೇಕು ಎಂದು ಹೇಳಿಕೊಟ್ಟಿದ್ದರು. ಸೂಜಿ ತೆಗೆಯುವ ಮುಂಚೆ ಅದು ಹಿಡಿದಿದ್ದ ಚೀಟಿಯ ಮೇಲೆ ಪೆನ್ಸಿಲಿನಿಂದ ಪುಟದ ಸಂಖ್ಯೆ ಬರೆಯಬೇಕು ಎಂದೂ ಹೇಳಿಕೊಟ್ಟಿದ್ದರು.

ಮೊದಲ ವಾರವೇ ಕಾಜಲ್‌ಗೆ ಸಿತಾಳಿ ಎದ್ದಿತ್ತು. ಮೈತುಂಬ ಗುಳ್ಳೆ, ಜ್ವರ. ಭಾಗ್ಯಾ ನಾಲ್ಕಕ್ಕೆ ಹೊರಡಬೇಕೆಂದು ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚದೆ ಕೈ ಓಡಿಸಿದಳು. ತುಕ್ಕಾನಟ್ಟಿಯ ಆರು ವಹಿಗಳ ಸೂಜಿ ಎರಡು ದಿನದಲ್ಲಿ ಖಾಲಿ. ಚೀಟಿಗಳನ್ನೆಲ್ಲ ಒಂದು ಲಕೋಟೆಗೆ ಹಾಕಿದಳು. ಸಂಖ್ಯೆ ನಾಳೆ ಹಾಕಿದರಾಯಿತು ಎಂದುಕೊಂಡಳು. ನಾಳೆ ಬಂದಾಗ ಯಾವ ಚೀಟಿ ಯಾವ ಪುಟದ್ದು ಎಂದು ದೇವರಿಗೂ ಗೊತ್ತಿರಲಿಲ್ಲ.

ಸಿಸ್ಟರ್ ಜೆಸಿಂತಾ ಬೈಯಲಿಲ್ಲ, ಅವರು ಬೈಯುವ ಪೈಕಿಯಲ್ಲ. ತಿಂಗಳು ಕಾದರು. ಹೆಸರಿಲ್ಲದ, ತಾರೀಕಿಲ್ಲದ, ಊರಿಲ್ಲದ ಚೀಟಿಯನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಲಕೋಟೆಯನ್ನು ರದ್ದಿಗೆ ಹಾಕಿಸಿದರು. ಅಷ್ಟರಲ್ಲಿ ವಿಭೂತಿ ಬುಧವಾರ ಬಂತು. ಹೋದ ವರ್ಷದ ಗರಿ ಹಬ್ಬದ ಒಣ ತೆಂಗಿನಗರಿಗಳನ್ನು ಸುಟ್ಟು ಆ ಬೂದಿಯನ್ನು ಹಣೆಗೆ ಹಚ್ಚುವುದು ಅವರ ಪದ್ಧತಿ. ಹಿಂದಿನ ಸಂಜೆ ಗರಿ ಹೊತ್ತಿಕೊಳ್ಳಲೊಲ್ಲದು ಎಂದು ಅಡಿಗೆಯ ಅಲ್ಲವ್ವ ಲಕೋಟೆಯನ್ನೇ ಕೆಳಗೆ ತುರುಕಿದಳು. ಮರುದಿನ ಸಿಸ್ಟರ್ ಜೆಸಿಂತಾ ಭಾಗ್ಯಾಳನ್ನೂ ಕರೆದು, ನಿಮ್ಮ ಮನೆಯಲ್ಲಿ ದಿನಾ ಹಚ್ಚುತ್ತೀರಲ್ಲ, ಇವತ್ತು ನಮ್ಮದೂ ಇರಲಿ ಎಂದು ನಗುತ್ತ ಆ ಬೂದಿ ಇಟ್ಟರು. ಭಾಗ್ಯಾ ಅದನ್ನು ಸಂಜೆವರೆಗೂ ಅಳಿಸಿಕೊಳ್ಳಲಿಲ್ಲ.

ಮಳೆಗಾಲ ಕಳೆಯಿತು. ಸೂಜಿ ತೆಗೆಯುವುದು, ಒರೆಸುವುದು ಮುಗಿದು, ಒಂದೊಂದೇ ಸಾಲು ಓದಿ ಪಟ್ಟಿ ಮಾಡುವ ಹಂತ ಬಂತು. ತುಕ್ಕಾನಟ್ಟಿಯ ವಹಿಗಳಲ್ಲಿ ಭಾಗ್ಯಾ ಅವ್ವನನ್ನು ಹುಡುಕಿದಳು. ಅವ್ವ ಎಲ್ಲ ಕಡೆಯೂ ಇದ್ದಳು, ಹೆಸರು ಮಾತ್ರ ಇರಲಿಲ್ಲ. ಸಂಘದ ಸೋದರಿಯರಿಗಷ್ಟೇ ಹೆಸರು. ಉಳಿದವರು ಕೆಲಸದಿಂದ ಗುರುತು: ನೀರಿನವಳು, ಗಾಡಿಯವನು, ಹೆರಿಗೆಗೆ ನೆರವಾದ ಹೆಂಗಸು. ಆ ಅಡ್ಡ ನಿಂತ ಕೂಸಿನ ದಿನವೂ ಸಿಕ್ಕಿತು. ದೇವರ ಕೃಪೆಯಿಂದ ಸಿಸ್ಟರ್ ಸೆವ್ರಿನ್ ಎರಡು ಜೀವ ಉಳಿಸಿದರು ಎಂದಿತ್ತು. ಕಟ್ಟೆಯೂ ಇಲ್ಲ, ಚಹಾವೂ ಇಲ್ಲ.

ಹೆಸರು ಸಿಕ್ಕಿದ್ದು ಎಂಬತ್ತಾರರ ವಹಿಯಲ್ಲಿ, ಇನ್ನೂರಾ ಹನ್ನೆರಡನೆಯ ಪುಟದಲ್ಲಿ. ಇಂಗ್ಲಿಷಿನಲ್ಲಿ, ದುಂಡನೆಯ ಅಕ್ಷರದಲ್ಲಿ ಇಷ್ಟು ಬರೆದಿತ್ತು: ಹಾಲಿನ ಪುಡಿಯ ಮೂರು ಡಬ್ಬಿ ಕಾಣೆಯಾಗಿವೆ. ಮರೆವ್ವ ಕದ್ದಿದ್ದಾಳೆ, ಬಸುರಿ ಇದ್ದಾಳೆ. ಕೆಲಸದಿಂದ ತೆಗೆದಿದ್ದೇವೆ. ಮುಖಕ್ಕೆ ಹೇಳಿ ನೋಯಿಸಲಿಲ್ಲ.

ಭಾಗ್ಯಾ ಮತ್ತೊಮ್ಮೆ ಓದಿದಳು. ಆಗ ಅವ್ವನ ಹೊಟ್ಟೆಯಲ್ಲಿದ್ದವಳು ತಾನೇ. ಇಷ್ಟು ವರ್ಷ ಅವ್ವ ಹೇಳುತ್ತ ಬಂದ ಕತೆಯೇ ಬೇರೆ. ನನ್ನ ಹೊಟ್ಟೆ ನೋಡಿ ಸಿಸ್ಟರ್‌ಗಳು ಕನಿಕರ ಪಟ್ಟರು, ದಡ್ಡಿ ಊರಿನ ತವರಿಗೆ ಹೋಗಿ ಆರಾಮ ಇರು ಅಂದರು, ಅಂಥ ಮಂದಿ ಈಗ ಎಲ್ಲಿ ಸಿಗುತ್ತಾರೆ ಎಂದು ಎದುರು ಮನೆಯ ಉದ್ದವ್ವನಿಗೆ ಹೇಳದ ವಾರವಿಲ್ಲ. ಹೆರಿಗೆಯಾದ ಮೇಲೆ ತಿರುಗಿ ಯಾಕೆ ಕರೆಯಲಿಲ್ಲ ಎಂದು ಉದ್ದವ್ವ ಕೇಳಿದರೆ, ಮರೆತಿರಬೇಕು ತಗೋ, ಅವರಿಗೇನು ಒಂದ ಕೆಲಸ ಅನ್ನುತ್ತಿದ್ದಳು.

ಆಮೇಲೆ ಭಾಗ್ಯಾಳ ಕಣ್ಣಿಗೆ ಪುಟದ ಅಂಚು ಬಿತ್ತು. ಆ ಸಾಲಿನ ಪಕ್ಕ ತುಕ್ಕಿನ ಎರಡು ಚುಕ್ಕಿ, ಒಂದರ ಕೆಳಗೊಂದು. ಸುತ್ತ ಅಂಗೈ ಅಗಲದ ಚೌಕದಲ್ಲಿ ಕಾಗದ ಬಿಳಿಯಾಗಿಯೇ ಉಳಿದಿತ್ತು, ಉಳಿದದ್ದೆಲ್ಲ ಹಳದಿ. ಅಲ್ಲೊಂದು ಚೀಟಿ ಇತ್ತು. ತೆಗೆದವಳು ತಾನೇ.

ಯಾವ ಚೀಟಿ ಎಂಬುದೂ ನೆನಪಾಯಿತು. ಜ್ವರದ ವಾರದ ಗಡಿಬಿಡಿಯಲ್ಲೂ ಅದನ್ನು ಓದಿ, ಯಾವ ಡಬ್ಬಿ, ಯಾರ ತಪ್ಪು ಎಂದು ಒಳಗೊಳಗೇ ನಕ್ಕಿದ್ದಳು. ಡಬ್ಬಿಗಳು ಅಟ್ಟದ ಹಾಸಿಗೆ ಪೆಟ್ಟಿಗೆಯಲ್ಲಿ ಸಿಕ್ಕವು, ಅವಳ ತಪ್ಪಿಲ್ಲ, ಕರೆಸಿ ಹೇಳಬೇಕು ಎಂದು ಬರೆದಿತ್ತು, ಕೆಳಗೆ ಎಸ್ ಎಂಬ ಒಂದಕ್ಷರ. ಹೆಸರು ಪುಟದಲ್ಲೇ ಇದ್ದುದರಿಂದ ಚೀಟಿಯಲ್ಲಿ ಬರೆಯುವ ಜರೂರು ಸಿಸ್ಟರ್ ಸೆವ್ರಿನ್‌ಗೆ ಕಂಡಿರಲಿಲ್ಲ. ಕರೆಸಬೇಕು ಎಂದವರು ಯಾಕೆ ಕರೆಸಲಿಲ್ಲ ಎಂಬುದಕ್ಕೆ ಉತ್ತರ ಎರಡು ಪುಟ ಮುಂದೆಯೇ ಇತ್ತು. ಅವರಿಗೆ ವರ್ಗವಾಗಿತ್ತು, ನಾಲ್ಕೇ ದಿನದಲ್ಲಿ ಗಂಟು ಕಟ್ಟಿದ್ದರು. ಹೋದವರು ಅಲ್ಲೇ ತೀರಿಕೊಂಡರು.

ವಹಿ ಎತ್ತಿಕೊಂಡು ಸಿಸ್ಟರ್ ಜೆಸಿಂತಾ ಬಳಿ ಹೋದಳು. ಎಲ್ಲ ಹೇಳಿದಳು, ತನ್ನ ತಪ್ಪನ್ನೂ. ಅವರು ಚುಕ್ಕಿಗಳ ಮೇಲೆ ಬೆರಳಾಡಿಸಿದರು. ಕನ್ನಡಕ ತೆಗೆದು ಒರೆಸಿದರು.

"ನಾ ಓದೇನ್ರಿ ಸಿಸ್ಟರ್. ಬಾಯಿಪಾಠ ಐತಿ. ಪಟ್ಟ್ಯಾಗ ಈ ಸಾಲಿನ ಕೆಳಗ ಒಂದ ಮಾತು ಬರೀರಿ, ಚೀಟಿ ಇತ್ತು ಅಂತ."

"ಚೀಟಿ ಇತ್ತು ಎಂದು ಬರೆಯಬಹುದು ಭಾಗ್ಯಾ. ಅದರಲ್ಲಿ ಏನಿತ್ತು ಎಂದು ಬರೆಯಲಿಕ್ಕೆ ಆಗುವುದಿಲ್ಲ. ನೀವು ಅವರ ಮಗಳು. ಕಳೆದವರೂ ನೀವೇ. ನಾಳೆ ಯಾರಾದರೂ ಓದಿದರೆ ಏನೆನ್ನುತ್ತಾರೆ, ನೀವೇ ಹೇಳಿ."

ಹಾಗಾದರೆ ಆ ಹೆಸರನ್ನಾದರೂ ಪಟ್ಟಿಯಿಂದ ಬಿಡಬಹುದೇ ಎಂದು ಭಾಗ್ಯಾ ಕೇಳಿದಳು. ಸಿಕ್ಕ ಹೆಸರನ್ನೆಲ್ಲ ಪಟ್ಟಿಗೆ ಸೇರಿಸಬೇಕು, ಒಂದು ಬಿಟ್ಟರೆ ಉಳಿದದ್ದನ್ನು ಯಾರು ನಂಬುತ್ತಾರೆ ಎಂದರು ಸಿಸ್ಟರ್. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಹೆಚ್ಚು ಉರಿಯಿತು. ಚೀಟಿ ಸುಡುವಾಗ ಇಲ್ಲದ ನಿಯಮ ಈಗ ಎಲ್ಲಿಂದ ಬಂತು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದಳು. ಕಾಜಲ್‌ಳ ಸಾಲಿಯ ಫೀಜು ಈ ಪಗಾರದಲ್ಲೇ ನಡೆಯಬೇಕು.

ಮೇಜಿಗೆ ತಿರುಗಿ ಬಂದು ಪುಟವನ್ನು ನೋಡುತ್ತ ಕೂತಳು. ಹುಳ ಅಂಚಿನಿಂದ ತಿನ್ನುತ್ತ ಮರೆವ್ವ ಎಂಬಲ್ಲಿಗೆ ಬೆರಳಿನಷ್ಟು ದೂರದಲ್ಲಿ ನಿಂತಿತ್ತು. ಸುಮ್ಮನೆ ಹಾಗೇ ಮುಚ್ಚಿಟ್ಟರೆ ಎರಡು ಮಳೆಗಾಲದಲ್ಲಿ ಕಳ್ಳಿಯೂ ಇರುವುದಿಲ್ಲ, ಮರೆವ್ವನೂ ಇರುವುದಿಲ್ಲ. ಮೂವತ್ತಾರು ವಹಿಗಳಲ್ಲಿ ಅವ್ವನಿಗೆ ಹೆಸರಿದ್ದದ್ದು ಇದೊಂದೇ ಸಾಲಿನಲ್ಲಿ.

ಭಾಗ್ಯಾ ಅಂಟು ಕಲಸಿದಳು. ತೆಳು ಕಾಗದವನ್ನು ಅಳತೆಗೆ ಹರಿದು, ಸಾಲಿನ ಮೇಲೆ ಹಾಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಷ್ಷಿನಿಂದ ಒತ್ತಿದಳು. ಅಷ್ಟು ನೀಟಾಗಿ ಅವಳು ಯಾವ ಪುಟವನ್ನೂ ಅಂಟಿಸಿರಲಿಲ್ಲ. ಒಣಗಿದ ಮೇಲೆ ಪಟ್ಟಿಯಲ್ಲಿ ಬರೆದಳು: ಮರೆವ್ವ, ತುಕ್ಕಾನಟ್ಟಿ ದವಾಖಾನೆ, ಕಳವು, ಪುಟ ೨೧೨. ಪಕ್ಕದಲ್ಲಿ ಚೀಟಿ ಇತ್ತು, ಕಳೆದಿದೆ.

ಸಂಜೆ ಬಾಗಿಲಲ್ಲಿ ಮುದುಕಿ ಕೇಳಿದಳು. ಪಕ್ಕದಲ್ಲಿ ಉದ್ದವ್ವನೂ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಸಿಕ್ಕೈತಿ ಯವ್ವಾ. ಇನ್ನೂರಾ ಹನ್ನೆರಡನೇ ಪುಟ."

"ಏನಂತ ಬರದಾರ?"

ಭಾಗ್ಯಾ ಚಪ್ಪಲಿಯ ಪಟ್ಟಿ ಬಿಚ್ಚುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದಳು. "ದವಾಖಾನ್ಯಾಗ ಇದ್ಲು ಅಂತ ಬರದಾರ."

"ನೋಡಿದೇನ ಉದ್ದವ್ವಾ," ಎಂದಳು ಮರೆವ್ವ. "ನೀ ನಂಬಲಿಲ್ಲ." ಉದ್ದವ್ವ, ಹೌದವಾ ತಾಯಿ, ಇನ್ನ ನೀ ನಮ್ಮ ಕೈಗೆ ಸಿಗೂದಿಲ್ಲ ಎಂದು ಸಿಪ್ಪೆ ಝಾಡಿಸಿ ಎದ್ದಳು. ಮುದುಕಿ ಮೊಮ್ಮಗಳನ್ನು ಕೂಗಿ, ಆ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಸಿದಳು.

ಸಿಸ್ಟರ್ ಸೆವ್ರಿನ್ ಕೊಟ್ಟ ಮಾತು ನಡೆಯಿತು. ಅವರ ಪುಸ್ತಕದಲ್ಲಿ ಮರೆವ್ವನ ಹೆಸರು ಇದೆ, ನೂರು ವರ್ಷ ಇರುತ್ತದೆ.