ಅರೆಗಣ್ಣಿನ ಡ್ರೈವರ್

ಏಳನೇ ನಂಬರ್ ಬಸ್ಸಿನ ಡ್ರೈವರನಿಗೆ ಹುಟ್ಟಿನಿಂದಲೇ ಅರೆಗಣ್ಣು. ರೆಪ್ಪೆಗಳು ಪೂರ್ತಿ ಮೇಲೆದ್ದರೆ ಯಾರಾದರೂ ಬೈದಾರು ಎಂಬಂತೆ ಅರ್ಧಕ್ಕೇ ನಿಂತುಬಿಡುತ್ತಿದ್ದವು. ಅವನ ಅಪ್ಪನ ಕಣ್ಣೂ ಹಾಗೆಯೇ ಇತ್ತು. ಡಿಪೋದವರು ಅವನಿಗೆ 'ತೂಕಡಿಕೆ' ಎಂದು ಹೆಸರಿಟ್ಟಿದ್ದರು. ಹೆಸರು ಮಾತ್ರ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಅವನು ಒಂದು ಕೋಳಿಗೂ ಬಸ್ಸು ತಾಗಿಸಿದವನಲ್ಲ.

ಆ ವರ್ಷ ಎಲ್ಲ ಬಸ್ಸುಗಳಲ್ಲೂ ಡ್ರೈವರನ ಮುಖಕ್ಕೆ ನೇರವಾಗಿ ಒಂದೊಂದು ಕ್ಯಾಮೆರಾ ಕೂರಿಸಿದರು. ಕಣ್ಣು ಮುಚ್ಚಿತೆಂದು ಕಂಡರೆ ಅದು ಕೀ ಎಂದು ಕೂಗಿ, ಹೆಣ್ಣುದನಿಯಲ್ಲಿ "ಚಾಲಕರೇ, ಎಚ್ಚರಗೊಳ್ಳಿ" ಎನ್ನುತ್ತಿತ್ತು. ಎಷ್ಟು ಸಲ ಎಬ್ಬಿಸಿತೆಂಬ ವರದಿ ತಾನಾಗಿಯೇ ಆಫೀಸು ಸೇರುತ್ತಿತ್ತು. ಮೊದಲ ದಿನ ಡಿಪೋ ಗೇಟಿನಿಂದ ಕೊನೆಯ ಸ್ಟಾಪಾದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅದು ತೂಕಡಿಕೆಯನ್ನು ನಲವತ್ತೊಂದು ಸಲ ಎಬ್ಬಿಸಿತು.

ಮೊದಲ ಹತ್ತು ಸಲ ಜನ ನಕ್ಕರು. ಆಮೇಲೆ ಮಗುವನ್ನು ಎತ್ತಿಕೊಂಡಿದ್ದ ಒಬ್ಬಾಕೆ ಇಳಿದಳು, ಅವಳ ಹಿಂದೆ ಇನ್ನಿಬ್ಬರು. ಹನ್ನೆರಡು ವರ್ಷದಿಂದ ದಿನಾ ಮುಂದಿನ ಸೀಟಿನಲ್ಲೇ ಕೂರುತ್ತಿದ್ದ ನಿವೃತ್ತ ಮೇಷ್ಟ್ರು ಇಳಿಯಲಿಲ್ಲ. ಆದರೆ ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಏನ್ ಮೇಷ್ಟ್ರೇ, ನೀವೂ ಕಂಬಿ ಹಿಡ್ಕೊಂಡ್ರಿ?" ಎಂದು ಕೇಳಿದ ಡ್ರೈವರ್.

"ನೀನು ನಿದ್ದೆ ಮಾಡಲ್ಲ ಅಂತ ನಂಗೊತ್ತು ಕಣಯ್ಯ. ಆದ್ರೂ ಅದು ಅಷ್ಟು ಸಲ ಹೇಳ್ತಿದ್ರೆ ಕೈ ತಾನಾಗೇ ಹೋಗುತ್ತೆ."

ನಾಲ್ಕು ದಿನ ಕಳೆಯುವಷ್ಟರಲ್ಲಿ ಅವನಿಗೇ ಅನುಮಾನ ಹತ್ತಿತು. ಕೆಲಸ ಮುಗಿಸಿ ಮನೆಗೆ ಬಂದವನು ಹೆಂಡತಿಯನ್ನು ಕೇಳಿದ: "ಲೇ, ನಾನೇನಾದ್ರೂ ಗೊತ್ತಾಗದ ಹಾಗೆ ನಿದ್ದೆ ಮಾಡ್ತೀನಾ?"

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಗೊರಕೆ ಇಲ್ದೆ ನೀವು ನಿದ್ದೆ ಮಾಡಿದ್ದು ನಾನಂತೂ ಕಂಡಿಲ್ಲ. ಬಸ್ಸಲ್ಲಿ ಯಾರಿಗಾದ್ರೂ ಗೊರಕೆ ಕೇಳ್ಸಿದ್ಯಾ?"

"ಇಲ್ಲ."

"ಮತ್ತೆ?"

ವಾರದ ಕೊನೆಗೆ ಡಿಪೋ ಮ್ಯಾನೇಜರ್ ಕರೆಸಿದರು. "ಒಂದು ವಾರದಲ್ಲಿ ಸಾವಿರದ ಇನ್ನೂರು ಸಲ ಮಲಗಿದ್ದೀಯ ಅಂತ ಬಂದಿದೆಯಪ್ಪ."

"ಅಷ್ಟು ಸಲ ಮಲಗಿದ್ರೆ ಬಸ್ಸು ವಾಪಸ್ ಹೇಗ್ ಬರ್ತಿತ್ತು ಸಾರ್?"

"ಅದು ನಂಗೊತ್ತು, ನಿಂಗೊತ್ತು. ಮೇಲಿನವ್ರಿಗೆ ಈ ಕಾಗದ ಮಾತ್ರ ಗೊತ್ತು. ಇನ್ನೆರಡು ವಾರ ಹೀಗೇ ಬಂದ್ರೆ ನಿನ್ನ ಸ್ಟೇರಿಂಗಿಂದ ಇಳಿಸ್ಬೇಕಾಗುತ್ತೆ."

ಅವನ ಮಗಳು ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದಳು. ಮದುವಣಗಿತ್ತಿಯರ ರೆಪ್ಪೆ ಎತ್ತಿ ನಿಲ್ಲಿಸುವ, ಚರ್ಮದ ಬಣ್ಣದ ತೆಳು ಪಟ್ಟಿಯೊಂದಿದೆ ಎಂದು ಹೇಳಿ, ಮರುದಿನ ಬೆಳಗ್ಗೆ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಎರಡೂ ಕಣ್ಣಿಗೆ ಅಂಟಿಸಿದಳು. ಕನ್ನಡಿಯಲ್ಲಿ ನೋಡಿಕೊಂಡರೆ, ಯಾರನ್ನೋ ಹೊಡೆಯಲು ಹೊರಟವನ ಹಾಗೆ ಕಾಣುತ್ತಿದ್ದ.

ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಬಸ್ಸಿನ ಜನವೂ ಅಷ್ಟೇ. ಫೋನಿನಲ್ಲಿ ಕಿರುಚುತ್ತಿದ್ದವರು ಪಿಸುಗುಟ್ಟತೊಡಗಿದರು, ಬಾಗಿಲಲ್ಲಿ ಜೋತುಬೀಳುತ್ತಿದ್ದವರು ಹೇಳಿಸಿಕೊಳ್ಳದೆ ಒಳಗೆ ಹೋದರು. ಅದೇ ಕಣ್ಣಿನಲ್ಲಿ ಮನೆಗೆ ಹೋದ ದಿನ, ಮೂರು ವರ್ಷದ ಹಿಂದೆ ಏಣಿ ಒಯ್ದಿದ್ದ ಭಾವಮೈದ ಅದನ್ನು ಹೊತ್ತು ತಂದು ಗೋಡೆಗೊರಗಿಸಿ, ಕಾಫಿಯೂ ಕುಡಿಯದೆ ಹೋದ.

ಆದರೆ ಪಟ್ಟಿಯ ಕೆಳಗೆ ಕಣ್ಣು ಮಿಟುಕಿಸಲು ಆಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆನ್ನೆಯ ಮೇಲೆ ನೀರು ಧಾರೆ. ಹತ್ತುವವರು "ಮನೇಲಿ ಏನಾದ್ರೂ ಆಯ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿಂದೆ ಹೋಗುತ್ತಿದ್ದರು.

ಪಟ್ಟಿ ಹಾಕಿದ ಒಂಬತ್ತನೇ ದಿನ ಮಾರ್ಕೆಟ್ ತಿರುವಿನಲ್ಲಿ ರಸ್ತೆಯೆಲ್ಲ ನೀರೊಳಗಿನಿಂದ ಕಂಡಂತೆ ಕಲಸಿಹೋಯಿತು. ಏನೋ ಹಸಿರು ಅಡ್ಡ ಬಂತು. ಬ್ರೇಕನ್ನು ಮೆಟ್ಟಿದ. ಎಲೆಕೋಸಿನ ತಳ್ಳುಗಾಡಿಗೂ ಬಸ್ಸಿನ ಮೂತಿಗೂ ನಡುವೆ ಒಂದು ಗೇಣು ಉಳಿದಿತ್ತು. ಗಾಡಿಯವನು ಓಡಲೂ ಮರೆತು ನಿಂತಿದ್ದ. ಯಂತ್ರ ಸುಮ್ಮನಿತ್ತು. ಅದರ ಪ್ರಕಾರ ಎಲ್ಲ ಸರಿಯಾಗಿತ್ತು, ಕಣ್ಣು ತೆರೆದೇ ಇತ್ತು.

ತೂಕಡಿಕೆ ಇಳಿದು ಫುಟ್‌ಬೋರ್ಡಿನ ಮೇಲೆ ಕೂತ. ಪಟ್ಟಿಗಳನ್ನು ಕಿತ್ತ, ಹುಬ್ಬಿನ ನಾಲ್ಕು ಕೂದಲೂ ಜೊತೆಗೆ ಬಂದವು.

"ಇಪ್ಪತ್ತೆರಡು ವರ್ಷ ಮೇಷ್ಟ್ರೇ," ಎಂದ.

"ಗೊತ್ತು. ಮುಖ ತೊಳ್ಕೋ," ಎಂದು ಮೇಷ್ಟ್ರು ತಮ್ಮ ನೀರಿನ ಬಾಟಲಿ ಕೊಟ್ಟರು.

ಬಸ್ಸು ಹೊರಟದ್ದೇ ಯಂತ್ರ ಎಚ್ಚರಿಸಲು ಶುರು ಮಾಡಿತು. "ಎದ್ದಿದ್ದಾನಮ್ಮ," ಎಂದರು ಮೇಷ್ಟ್ರು. ಮತ್ತೆ ಕೂಗಿತು, ಅವರು ಮತ್ತೆ ಹೇಳಿದರು. ಮೂರನೇ ಸ್ಟಾಪು ದಾಟುವಷ್ಟರಲ್ಲಿ ಹಿಂದಿನ ಸೀಟಿನವರೂ ದನಿಗೂಡಿಸಿದ್ದರು. ಈ ಸಲ ಯಾರೂ ಇಳಿಯಲಿಲ್ಲ.

ಟ್ರಿಪ್ಪು ಮುಗಿಸಿದ ತೂಕಡಿಕೆ ನೆಟ್ಟಗೆ ಮ್ಯಾನೇಜರ್ ಕೋಣೆಗೆ ಹೋಗಿ ಪಟ್ಟಿಗಳನ್ನು ಮೇಜಿನ ಮೇಲಿಟ್ಟ. "ಇದು ಹಾಕ್ಕೊಂಡ್ರೆ ನಿಮ್ಮ ಕಾಗದ ಚೆನ್ನಾಗಿರುತ್ತೆ, ಜನ ಸಾಯ್ತಾರೆ. ತೆಗೆದ್ರೆ ಜನ ಚೆನ್ನಾಗಿರ್ತಾರೆ, ಕಾಗದ ಕೆಡುತ್ತೆ. ಯಾವುದು ಬೇಕು ಹೇಳಿ ಸಾರ್." ಆ ಕೋಣೆಯಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. ಮ್ಯಾನೇಜರ್ ಪಟ್ಟಿಗಂಟಿದ ಕೂದಲನ್ನು ತುಸು ಹೊತ್ತು ನೋಡಿ, ಮೇಲಿನವರಿಗೆ ಪತ್ರ ಬರೆದರು.

ಉತ್ತರ ಬರುವವರೆಗೆ ಮೂರು ವಾರ ತೂಕಡಿಕೆ ಡಿಪೋದಲ್ಲಿ ಬಸ್ಸು ತೊಳೆದ. ಒಬ್ಬನ ಕಣ್ಣಿಗಾಗಿ ಯಂತ್ರ ಬದಲಿಸಲು ಬರುವುದಿಲ್ಲ, ಆದರೆ ನೌಕರನೊಬ್ಬ ಪಕ್ಕದಲ್ಲಿ ಕೂತು ಪ್ರತಿ ಟ್ರಿಪ್ಪಿಗೂ 'ಚಾಲಕ ಎಚ್ಚರವಾಗಿದ್ದುದನ್ನು ಕಣ್ಣಾರೆ ಕಂಡಿದ್ದೇನೆ' ಎಂದು ಸಹಿ ಹಾಕಿದರೆ ಓಡಿಸಬಹುದು ಎಂದು ಪತ್ರ ಬಂತು. ನಿವೃತ್ತಿಗೆ ಎಂಟು ತಿಂಗಳಿದ್ದ ಸ್ಟೋರ್‌ಕೀಪರನನ್ನು ಆ ಕೆಲಸಕ್ಕೆ ಹಾಕಿದರು.

ಸ್ಟೋರ್‌ಕೀಪರ್ ಫಾರಂ ಹಿಡಿದು ಬಂದು ಇಂಜಿನ್ ಪಕ್ಕದ ಸೀಟಿನಲ್ಲಿ ಕೂತ. ಎರಡನೇ ಸ್ಟಾಪಿಗೆ ಅವನ ಗದ್ದ ಎದೆಗಿಳಿಯಿತು. ಯಂತ್ರ ಅಷ್ಟು ಕೂಗಿದರೂ ಅವನು ಕದಲಲಿಲ್ಲ. ಪಾಪ ಎಂದುಕೊಂಡು ತೂಕಡಿಕೆ ರಸ್ತೆಯ ಉಬ್ಬುಗಳಲ್ಲಿ ಬಸ್ಸನ್ನು ಮೆಲ್ಲಗೆ ಹತ್ತಿಸಿ ಇಳಿಸಿದ. ಕೊನೆಯ ಸ್ಟಾಪಿನಲ್ಲಿ ಮೇಷ್ಟ್ರು ಭುಜ ಅಲ್ಲಾಡಿಸಿದಾಗ ಸ್ಟೋರ್‌ಕೀಪರ್ ಬಾಯಿ ಒರೆಸಿಕೊಂಡು ಪೆನ್ನು ತೆಗೆದ.

"ಎಲ್ಲ ಸರಿಯಾಗಿತ್ತಲ್ಲಾ?"

"ಸರಿಯಾಗಿತ್ತು," ಎಂದ ತೂಕಡಿಕೆ.

ಸ್ಟೋರ್‌ಕೀಪರ್ ಸಹಿ ಹಾಕಿ, ಹಾಳೆ ತಿರುವಿದ. "ವಾಪಸ್ ಹೋಗೋದೂ ಇದೇ ದಾರಿ ತಾನೆ? ಅದಕ್ಕೂ ಈಗ್ಲೇ ಹಾಕ್ಬಿಡ್ತೀನಿ."