ಹೂಂ ಅನ್ನುವಷ್ಟು ಜಾಗ

ದೇಶ ನೋಡುತ್ತೇನೆ ಎಂದು ಹೊರಟವಳು ಬೀರು ನೋಡಿಕೊಂಡು ಕೂತಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಗುಬ್ಬಿಯ ಪಾಲಿಗೆ ಆದದ್ದು ಅದೇ.

ಹನ್ನೊಂದು ತಿಂಗಳಲ್ಲಿ ಐದು ದೇಶ, ಒಂಬತ್ತು ಬಾಡಿಗೆ ಕೋಣೆ, ಒಂಬತ್ತು ಬೀರು. ಹೊಸ ಕೋಣೆಗೆ ಕಾಲಿಟ್ಟವರು ಮೊದಲು ಕಿಟಕಿಯ ಹತ್ತಿರ ಹೋಗುತ್ತಾರೆ. ಗುಬ್ಬಿ ಹಾಗಲ್ಲ. ಬೀರುವಿನ ಬಾಗಿಲು ತೆಗೆದು, ಒಳಗೆ ತಲೆ ತೂರಿಸಿ, ಒಂದು ಚಪ್ಪಾಳೆ ತಟ್ಟಿ ಕಿವಿಗೊಡುತ್ತಾಳೆ. ಸದ್ದು ಗುಂಯ್ ಎನ್ನದೆ ಹತ್ತಿಯ ಮೇಲೆ ಬಿದ್ದಂತೆ ಅಡಗಿತೋ, ಕೋಣೆ ಪಾಸು. ಮಕ್ಕಳಿಗೆ ಕಥೆ ಕೇಳಿಸುವ ಒಂದು ಆ್ಯಪಿಗೆ ಕನ್ನಡದಲ್ಲಿ ಕಥೆ ಹೇಳಿ, ದನಿ ಮುದ್ರಿಸಿ ಕಳಿಸುವುದು ಅವಳ ಕೆಲಸ. ಕಂತಿಗೆ ಇಷ್ಟು ಎಂದು ದುಡ್ಡು. ಕೋಟು ಕಂಬಳಿಗಳ ನಡುವೆ ಮಂಡಿ ಮಡಚಿ ಕೂತರೆ ಬೀದಿಯ ಗಲಾಟೆ ಒಳಗೆ ಬರುವುದಿಲ್ಲ, ಸ್ಟುಡಿಯೋಗೆ ದುಡ್ಡು ಸುರಿಯಬೇಕಿಲ್ಲ.

ಹೊರಡುವ ದಿನ ಅಜ್ಜಿ ಕೇಳಿದ್ದಳು: “ಫ್ರೀಲಾನ್ಸ್ ಅಂದ್ರೆ ಏನೇ? ಫ್ರೀಯಾಗಿ ಮಾಡಿಕೊಡೋದಾ?”

“ಅಲ್ಲ ಅಜ್ಜಿ. ಯಾರ ಕೈಕೆಳಗೂ ಇರೋದಿಲ್ಲ. ಎಲ್ಲಿ ಬೇಕಾದ್ರೂ ಕೂತು ದುಡೀಬಹುದು.”

“ಎಲ್ಲಿ ಬೇಕಾದ್ರೂ ಕೂರಬಹುದು ಅಂತ ಹೋಗಿ ಮೂಲೇಲಿ ಕೂರಬೇಡ ಮತ್ತೆ.”

ಅಜ್ಜಿಯ ನಾಲಿಗೆಯಲ್ಲಿ ಮಚ್ಚೆ ಇತ್ತೋ ಏನೋ.

ಈಚೆಗೆ ಗುಬ್ಬಿ ಹೇಳುತ್ತಿದ್ದದ್ದು ಅಜ್ಜಿಯದೇ ಕಥೆ. ಅರಸನ ಮಗಳೊಬ್ಬಳನ್ನು ಮಲತಾಯಿ ಪೆಟ್ಟಿಗೆಯಲ್ಲಿ ಹಾಕಿ, ಬೀಗ ಜಡಿದು, ಹೊಳೆಯಲ್ಲಿ ತೇಲಿಬಿಟ್ಟ ಕಥೆ. ಚಿಕ್ಕಂದಿನಲ್ಲಿ ಅದನ್ನು ನೂರು ಸಲ ಕೇಳಿದ್ದಳು. ಆದರೆ ಕೊನೆ ಮಾತ್ರ ಒಮ್ಮೆಯೂ ಕೇಳಿರಲಿಲ್ಲ. “ಪೆಟ್ಟಿಗೆ ತೇಲ್ತಾ ತೇಲ್ತಾ...” ಎಂದು ಅಜ್ಜಿ ರಾಗ ಎಳೆಯುವಷ್ಟರಲ್ಲಿ ಅವಳ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಈಗ ಕೇಳೋಣವೆಂದರೆ ನಾಚಿಕೆ. ಕಥೆ ಹೇಳಿ ಹೊಟ್ಟೆ ಹೊರೆಯುವವಳಿಗೆ ಕಥೆಯ ಕೊನೆಯೇ ಗೊತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಹಾಗಾಗಿ ಪೆಟ್ಟಿಗೆಯನ್ನು ತೇಲಿಸುತ್ತಲೇ ಇದ್ದಳು. ಬೀಗದ ಕೈಯನ್ನು ಮೀನಿಗೆ ನುಂಗಿಸಿದಳು. ಮುಚ್ಚಳಕ್ಕೆ ಕಬ್ಬಿಣದ ಪಟ್ಟಿ ಹೊಡೆಸಿದಳು. ಪೆಟ್ಟಿಗೆಯ ಮೇಲೆ ಒಂದು ಗುಬ್ಬಿಯನ್ನು ಕೂರಿಸಿ ಆಚೆಯ ಸುದ್ದಿ ಹೇಳಿಸಿದಳು. ಹೀಗೆ ಮೂವತ್ತೆಂಟು ಕಂತು.

ಇದರಿಂದ ಆ್ಯಪಿನ ಸಂಪಾದಕನಿಗೆ ಎಲ್ಲಿಲ್ಲದ ಖುಷಿ. ಅವನ ಮುಖ ಗುಬ್ಬಿ ಕಂಡಿರಲಿಲ್ಲ. ಫೋನಿನಲ್ಲಿ ದನಿ ಮಾತ್ರ. ಅವನಿಗೆ ಅವಳು ಇಟ್ಟ ಹೆಸರು ಕತ್ತರಿ. ಅದಕ್ಕೂ ಕಾರಣವಿತ್ತು.

“ಮೇಡಂ, ಒಂದೊಂದು ವಾಕ್ಯ ಆದ್ಮೇಲೂ ಒಂದು ಗುಂಡಿ ಬಿಡ್ತೀರಲ್ಲ, ಏನದು?” ಎಂದು ಮೊದಲ ವಾರವೇ ಕೇಳಿದ್ದ.

“ಮಗು ಹೂಂ ಅನ್ನೋಕೆ ಸಾರ್.”

“ಈಗಿನ ಮಗು ಹೂಂ ಅನ್ನಲ್ಲ ಮೇಡಂ. ಸುಮ್ಮನಿದ್ರೆ ಮುಂದಿನ ಕಥೆ ಒತ್ತುತ್ತೆ. ಎಲ್ಲಾ ಗುಂಡಿ ಕತ್ತರಿಸಿದ್ದೀನಿ.”

ಹೂಂ ಇಲ್ಲದೆ ಕಥೆ ಹೇಳುವುದು ಗುಬ್ಬಿಗೆ ಬರುತ್ತಿರಲಿಲ್ಲ. ಅವಳ ಮನೆಯಲ್ಲಿ ಅದು ಕಟ್ಟುನಿಟ್ಟು. ಹೇಳುವವರು ಹೇಳಬೇಕು, ಕೇಳುವವರು ಹೂಂ ಅನ್ನಬೇಕು. “ಕಥೆ ಎದ್ದು ಹೋಯ್ತು, ನೀವೂ ಏಳಿ” ಎಂಬ ಕೊನೆಯ ಮಾತು ಬೀಳುವ ತನಕ ಕೇಳುವವರ ಬಾಯಿಂದ ಹೂಂ ಮತ್ತು ಆಮೇಲೆ ಬಿಟ್ಟು ಬೇರೆ ಮಾತು ಹೊರಡಕೂಡದು. ಹೊರಟರೆ ಕಥೆಯೊಳಗಿನವರು ಎಲ್ಲಿದ್ದಾರೋ ಅಲ್ಲೇ ನಿಂತುಬಿಡುತ್ತಾರೆ, ಪಾಪ, ಅವರನ್ನು ಮತ್ತೆ ಯಾರು ನಡೆಸುತ್ತಾರೆ ಎಂಬುದು ಅಜ್ಜಿಯ ವಾದ. ಅದಕ್ಕೇ ಗುಬ್ಬಿ ಉಪಾಯ ಮಾಡಿದಳು. ಪ್ರತಿದಿನ ಅಜ್ಜಿಗೆ ಫೋನು ಹಚ್ಚಿ, ಕಿವಿಗೆ ಒಂದೇ ಒಂದು ವೈರಿಲ್ಲದ ಇಯರ್‌ಫೋನ್ ಸಿಕ್ಕಿಸಿಕೊಂಡು ಬೀರು ಹೊಗುವಳು. ಫೋನು ಹತ್ತಿರವಿದ್ದರೆ ಮುದ್ರಣದಲ್ಲಿ ಗೊರಗೊರ ಸದ್ದು ಸೇರುತ್ತದೆಂದು ಅದು ಹೊರಗೆ ಹಾಸಿಗೆಯ ಮೇಲೆ. ಕೈಯಲ್ಲಿ ಪುಟ್ಟ ರೆಕಾರ್ಡರ್. ಅತ್ತ ಚಿಕ್ಕಮ್ಮ ಅಜ್ಜಿಯ ಮಡಿಲಿಗೆ ಫೋನಿಟ್ಟು ತನ್ನ ಹೊಲಿಗೆ ಅಂಗಡಿಗೆ ಹೋಗುವಳು. ಗುಬ್ಬಿ ಹೇಳುವಳು, ಅಜ್ಜಿ ಹೂಂ ಅನ್ನುವಳು, ಕತ್ತರಿ ಆ ಜಾಗವನ್ನೆಲ್ಲ ಕತ್ತರಿಸುವನು.

ಈ ಒಂಬತ್ತನೆಯ ಕೋಣೆಯನ್ನು ಅವಳು ಹಿಡಿದದ್ದು ಹೊಳೆಯ ಆಸೆಗೆ. ಜಾಹೀರಾತಿನಲ್ಲಿ ‘ಕಿಟಕಿಯಿಂದ ಹೊಳೆ ಕಾಣುತ್ತದೆ’ ಎಂದಿತ್ತು. ಬಂದು ನೋಡಿದರೆ ಕಿಟಕಿಯೇ ಇಲ್ಲ. ಇಬ್ಬರಿಗೂ ಗೊತ್ತಿದ್ದ ಹತ್ತು ಪದಗಳಲ್ಲಿ ಮನೆಯೊಡತಿಯನ್ನು ಕೇಳಿದಳು: “ಹೊಳೆ?” ಮನೆಯೊಡತಿ ಹಲ್ಲು ಬಿಟ್ಟು, ಗೋಡೆಗೆ ಆನಿಸಿಟ್ಟ ಆನೆಯಂಥ ಬೀರುವನ್ನು ತಟ್ಟಿ, “ಇದೆ, ಇದೆ” ಎಂದಳು. ಹೊಳೆ ಕೇಳಿದರೆ ಬೀರು ತೋರಿಸುತ್ತಾಳಲ್ಲ ಎಂದು ಗುಬ್ಬಿಗೆ ಅಳುವೋ ನಗುವೋ ತಿಳಿಯಲಿಲ್ಲ. ಆದರೂ ಚಪ್ಪಾಳೆ ತಟ್ಟಿ ನೋಡಿದಳು. ಸದ್ದು ಅಡಗಿತು. ಉಳಿದಳು. ಕೋಣೆಯಲ್ಲಿ ಯಾವ ವ್ಯಾಪಾರವನ್ನೂ ನಡೆಸಕೂಡದು ಎಂಬ ಚೀಟಿ ಬಾಗಿಲಿಗೇ ಅಂಟಿಸಿತ್ತು. ಹಾಗಾಗಿ ಬೀರುವಿನ ವಿಷಯ ಗುಟ್ಟು.

ಆ ದಿನ ಬೆಳಿಗ್ಗೆ ಕತ್ತರಿಯ ಸಂದೇಶ ಬಂದಿತ್ತು. ‘ಮೇಡಂ, ಪೆಟ್ಟಿಗೆ ಕಥೆ ಭರ್ಜರಿ ಓಡ್ತಿದೆ. ಇನ್ನೂ ಇನ್ನೂರು ಕಂತು. ನಿಮ್ಮ ಕಡೆ ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಿಗೆ ಕಳಿಸಿ. ಇಲ್ಲದಿದ್ದರೆ ಬೇರೆ ದನಿ ಹುಡುಕಬೇಕಾಗುತ್ತೆ. ಒಂದೇ ಷರತ್ತು, ಹುಡುಗಿ ಹೊರಗೆ ಬರಬಾರದು.’

ಇನ್ನೂರು ಕಂತು! ಹೂಂ ಎಂದರೆ ಇನ್ನೂ ಆರೇಳು ತಿಂಗಳು ಬೀರುವಿನಲ್ಲೇ. ಊರು ಬದಲಾದೀತು, ಬೀರು ಬದಲಾಗದು. ಊಹೂಂ ಎಂದರೆ ಮುಂದಿನ ತಿಂಗಳ ಬಾಡಿಗೆಗೆ ದಾರಿಯಿಲ್ಲ, ಗಂಟುಮೂಟೆ ಕಟ್ಟಿ ಚಿಕ್ಕಮ್ಮನ ಮನೆಗೆ ಹೋಗಿ, “ದೇಶ ಹೇಗಿತ್ತೇ?” ಎಂಬ ಪ್ರಶ್ನೆಗೆ ನಿಲ್ಲಬೇಕು. ಕೋಟುಗಳ ವಾಸನೆ ಹೇಗಿತ್ತು ಎಂದಾದರೆ ಹೇಳಬಲ್ಲಳು. ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡು, ಮೂವತ್ತೊಂಬತ್ತನೆಯ ಕಂತು ಮುಗಿಸಿಬಿಡೋಣ ಎಂದು ಒಳಗೆ ಹೊಕ್ಕಳು.

“ಪೆಟ್ಟಿಗೆ ತೇಲ್ತಾ ತೇಲ್ತಾ ಒಂದು ಮಡುವಿಗೆ ಬಂತು.”

“ಹೂಂ,” ಎಂದಿತು ಕಿವಿ.

ಅಷ್ಟರಲ್ಲಿ ಕೋಣೆಯ ಬಾಗಿಲು ಕಿರ್ ಎಂದಿತು. ಮನೆಯೊಡತಿ! ಹೊಸ ಹಾಸಿಗೆ ಬಟ್ಟೆ ಹಾಕುವ ದಿನ ಎಂಬುದು ಗುಬ್ಬಿಗೆ ಮರೆತೇಹೋಗಿತ್ತು. ಬೀರುವಿನಲ್ಲಿ ಸಿಕ್ಕಿಬಿದ್ದರೆ ಗುಟ್ಟು ರಟ್ಟು. ಮೂಗು ಹಿಡಿದುಕೊಂಡು, ಮಂಡಿಗೆ ಗಲ್ಲ ಒತ್ತಿ ಕೂತಳು. ಹೊರಗೆ ಬಟ್ಟೆ ಕೊಡವಿದ ಸದ್ದು, ಏನೋ ಗುನುಗು. ಮನೆಯೊಡತಿ ಅಚ್ಚುಕಟ್ಟಿನ ಹೆಂಗಸು. ಅರೆ ತೆರೆದ ಬೀರು ಕಂಡರೆ ಸುಮ್ಮನಿರುವವಳಲ್ಲ. ಬಾಗಿಲ ಸಂದಿನ ಬೆಳಕಿನ ಗೆರೆ ತೆಳ್ಳಗಾಯಿತು, ಇಲ್ಲವಾಯಿತು. ಬೀಗದ ಕೈ ಟಕ್ ಎಂದು ತಿರುಗಿತು.

ಮಾನ ಮೊದಲೋ ಪ್ರಾಣ ಮೊದಲೋ ಎಂದು ಗುಬ್ಬಿ ಲೆಕ್ಕ ಹಾಕಿ ಮುಗಿಸುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿದವು. ಬೀದಿ ಬಾಗಿಲು ದಢಾರ್ ಎಂದಿತು. ಆಮೇಲೆ ಅವಳು ಕೂಗಿದ್ದು ಕೋಟುಗಳಿಗೆ ಮಾತ್ರ ಕೇಳಿಸಿತು. ಸದ್ದು ಅಡಗುವ ಬೀರು ಎಂದು ತಾನೇ ಆರಿಸಿಕೊಂಡದ್ದು ಅವಳು! ಮನೆಯೊಡತಿಗೆ ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸ, ಬರುವುದು ಸಂಜೆಗೆ.

ಕತ್ತಲಲ್ಲಿ ರೆಕಾರ್ಡರಿನ ಕೆಂಪು ಚುಕ್ಕೆಯೊಂದೇ ಉರಿಯುತ್ತಿತ್ತು.

“ಅಜ್ಜಿ, ಬಾಗಿಲು ಹಾಕ್ಬಿಟ್ರು.”

“ಹೂಂ.”

“ಬೀಗ ಹಾಕ್ಬಿಟ್ರು ಅಜ್ಜಿ!”

“ಹೂಂ...” ಅಜ್ಜಿಯ ದನಿಯಲ್ಲಿ ಮರುಕ ಬಂತು.

“ಉಸಿರು ಕಟ್ತಿದೆ. ಯಾರನ್ನಾದ್ರೂ ಕರಿ.”

“ಹೂಂ. ಆಮೇಲೆ?”

“ಆಮೇಲೂ ಇಲ್ಲ ಈಮೇಲೂ ಇಲ್ಲ! ಇದು ಕಥೆ ಅಲ್ಲ. ನಾನು ಅಜ್ಜಿ, ಗುಬ್ಬಿ!”

“ಹೂಂ, ಹೂಂ,” ಎಂದಳು ಅಜ್ಜಿ, ಪೆಟ್ಟಿಗೆಯ ಮೇಲಿನ ಗುಬ್ಬಿ ಕೊನೆಗೂ ಬಾಯಿಬಿಟ್ಟಿತಲ್ಲ ಎಂಬ ಸಮಾಧಾನದಲ್ಲಿ.

ಗುಬ್ಬಿ ಬಾಗಿಲನ್ನು ಗುದ್ದಿದಳು. ಭುಜ ಕೊಟ್ಟು ನೂಕಿದಳು. ಹಳೆಯ ಕಾಲದ ಮರ, ಮಿಸುಕಲಿಲ್ಲ. ಕತ್ತಿನ ಮೇಲೆ ಯಾವುದೋ ಕೋಟಿನ ತೋಳು ಬಿತ್ತು. ಯಾರೋ ಮುಟ್ಟಿದಂತಾಗಿ ಚೀರಿದಳು. ಅಜ್ಜಿ ಅದಕ್ಕೂ ಹೂಂ ಅಂದಳು. ಇಯರ್‌ಫೋನು ಟಿಣ್ ಎಂದು ಎಚ್ಚರಿಸಿತು. ಅದರ ಚಾರ್ಜು ಮುಗಿಯುತ್ತ ಬಂದಿತ್ತು. ಬೆನ್ನ ಮೇಲೆ ಬೆವರು ಹರಿಯಿತು. ಇನ್ನೂರು ಕಂತು, ಎಂದುಕೊಂಡಳು. ಮೂವತ್ತೆಂಟು ಕಂತು ಆ ಹುಡುಗಿ ಹೀಗೆ ಕೂತಿದ್ದಳಲ್ಲ, ನಾನು ಅವಳಿಗೆ ಒಂದು ಸಲವಾದರೂ ಬೆವರು ಬರಿಸಿದೆನಾ? ಬರೀ ಹಾಡು ಹಾಡಿಸಿದೆ.

ಆಗ ಹೊಳೆಯಿತು. ಕಥೆ ಮುಗಿಯುವ ತನಕ ಅಜ್ಜಿ ಬಾಯಿ ಬಿಡಳು. ಬಿಡಿಸಬೇಕಾದರೆ ಕಥೆ ಮುಗಿಸಬೇಕು.

“ಮಡುವಿನಲ್ಲಿ ಪೆಟ್ಟಿಗೆ ಗಿರ್ರನೆ ತಿರುಗಿತು. ಮುಚ್ಚಳ ತೆರ್ಕೊಂಡಿತು. ಹುಡುಗಿ ಹೊರಗೆ ಬಂದ್ಲು. ಕಥೆ ಎದ್ದು ಹೋಯ್ತು, ನೀವೂ ಏಳಿ!”

ಆಮೇಲೆ ಕಿವಿಯಲ್ಲಿ ಗುಡುಗು.

“ಥೂ! ಇದೇನೇ ಇದು? ಮೂವತ್ತೆಂಟು ದಿನ ನನ್ನ ಕೈಲಿ ಹೂಂ ಅನ್ನಿಸ್ಕೊಂಡು, ಮುಚ್ಚಳ ತೆರ್ಕೊಂಡಿತಂತೆ! ಯಾರು ತೆಗೆದ್ರು? ಗಾಳೀನಾ?”

“ಜಗಳ ಆಮೇಲೆ ಅಜ್ಜಿ. ನಾನು ನಿಜವಾಗ್ಲೂ ಬೀರು ಒಳಗಿದ್ದೀನಿ. ಹೊರಗಿಂದ ಬೀಗ ಬಿದ್ದಿದೆ.”

“ನಿಜವಾಗ್ಲೂ ಅಂದ್ರೆ... ನಿಜವಾಗ್ಲೂನಾ?”

“ನಿನ್ನಾಣೆ.”

“ಅಯ್ಯೋ ನನ್ ಕಂದ! ಮೊದಲೇ ಹೇಳ್ಬಾರ್ದಾ?”

“ಹೇಳ್ತಾನೇ ಇದ್ದೆ, ನೀನು ಹೂಂ ಅಂತಾನೇ ಇದ್ದೆ!”

“ನಡುವೆ ಮಾತಾಡಿದ್ರೆ ಆ ಹುಡುಗಿ ಅಲ್ಲೇ ಉಳ್ಕೋತಾಳಲ್ಲೇ. ನಾಲಿಗೆ ಕಚ್ಕೊಂಡು ಕೂತಿದ್ದೆ.”

“ಚಿಕ್ಕಮ್ಮನ್ನ ಕರಿ.”

“ಅಂಗಡಿಗೆ ಹೋದ್ಲಲ್ಲ. ನಂಗೆ ಈ ಫೋನಲ್ಲಿ ಗೊತ್ತಿರೋದು ಕೆಂಪು ಗುಂಡಿ ಒಂದೇ. ಅದನ್ನ ಮಾತ್ರ ಒತ್ತಬೇಡ ಅಂದಿದ್ದಾಳೆ.” ಅಜ್ಜಿ ಒಂದು ಸಲ ಮೂಗೆಳೆದಳು. ಆಮೇಲೆ ದನಿ ಗಟ್ಟಿಯಾಯಿತು. “ಹೆದರ್ಕೋಬೇಡ. ಆ ಹುಡುಗಿ ಹ್ಯಾಗೆ ಬಂದ್ಲು ಹೇಳು ನೋಡೋಣ? ಎಷ್ಟು ಸಲ ಹೇಳಿದ್ದೀನಿ.”

“ನಂಗೆ ಗೊತ್ತಿಲ್ಲ ಅಜ್ಜಿ.” ಕತ್ತಲಲ್ಲಿ ನಾಚಿಕೆ ಎಂಥದ್ದು? “ನಿದ್ದೆ ಬಂದ್ಬಿಡ್ತಿತ್ತು. ಒಂದ್ಸಲಾನೂ ಕೇಳಿಲ್ಲ.”

“ಅದಕ್ಕೇನಾ ಪಾಪ ಆ ಮಗೂನ ಇಷ್ಟು ದಿನ ನೀರಲ್ಲಿ ನೆನೆಸಿದ್ದು! ಆ ಕೊನೆ ಕಟ್ಟಿದ್ದು ನಿಮ್ಮ ತಾತ ಕಣೇ. ಕೇಳು. ಹೂಂ ಅನ್ಬೇಕು ಮತ್ತೆ.”

“ಹೂಂ.”

“ಮುಚ್ಚಳ ಬಡಿದೂ ಬಡಿದೂ ಕೈ ಸೋತ್ಮೇಲೆ, ಆ ಹುಡುಗಿ ಬೆನ್ನು ತಿರುಗಿಸಿ...”

ಟಿಣ್. ಕಿವಿ ಸತ್ತಿತು.

ಬೆನ್ನು ತಿರುಗಿಸಿ? ಬೆನ್ನು ತಿರುಗಿಸಿ ಏನು? ಅತ್ತಳಾ? ಮಲಗಿದಳಾ? ಗುಬ್ಬಿ ಕಣ್ಣು ಮುಚ್ಚಿದಳು. ಮುಚ್ಚಿದರೂ ತೆರೆದರೂ ಅಷ್ಟೇ ಕತ್ತಲು. ತಾತ ಬಡಗಿ. ಕೆಲಸದ ಕೊಟ್ಟಿಗೆಯಲ್ಲಿ ಅವಳನ್ನು ಮರದ ಹೊಟ್ಟಿನ ರಾಶಿಯ ಮೇಲೆ ಕೂರಿಸಿಕೊಂಡು, ಮಾರಾಟಕ್ಕೆ ನಿಂತ ಕಪಾಟಿನ ಮುಂದೊಮ್ಮೆ ಹಿಂದೊಮ್ಮೆ ಬೆರಳ ಗೆಣ್ಣಿನಿಂದ ಕುಟ್ಟಿ, “ಕೇಳಿಸ್ತಾ?” ಎನ್ನುತ್ತಿದ್ದ. ಮುಂದೆ ಠಣ್, ಹಿಂದೆ ಡಬ್. “ಗೋಡೆ ನೋಡೋ ಕಡೆಗೆ ಯಾವ ಬಡಗೀನೂ ಒಳ್ಳೆ ಹಲಗೆ ಹಾಕಲ್ಲ ಗುಬ್ಬಿ. ನಾನೂ ಹಾಕಲ್ಲ. ಯಾರಿಗೂ ಹೇಳ್ಬೇಡ.”

ಅವಳು ಮೆಲ್ಲಗೆ ತಿರುಗಿದಳು. ಹನ್ನೊಂದು ತಿಂಗಳು ಒಂಬತ್ತು ಬೀರುಗಳಲ್ಲಿ ಬಾಗಿಲಿಗೆ ಮುಖ ಮಾಡಿಯೇ ಕೂತವಳು ಮೊದಲ ಸಲ ಬೆನ್ನ ಕಡೆಗೆ ತಿರುಗಿ, ಗೆಣ್ಣಿನಿಂದ ಕುಟ್ಟಿದಳು.

ಡಬ್.

ಬೆನ್ನನ್ನು ಬಾಗಿಲಿಗೆ ಆನಿಸಿ, ಎರಡೂ ಕಾಲು ಎತ್ತಿ ಒದ್ದಳು. ಒಮ್ಮೆ ಮೊಳೆ ಕುಂಯ್ ಎಂದಿತು. ಇನ್ನೊಮ್ಮೆ ಹಲಗೆ ಬಿರಿಯಿತು. ಮೂರನೆಯ ಒದೆತಕ್ಕೆ ಅದು ಗೋಡೆಗೆ ಬಡಿಯಬೇಕಿತ್ತು, ಬಡಿಯಲಿಲ್ಲ. ಆಚೆ ಬಿತ್ತು. ಅದರ ಹಿಂದಿನಿಂದ ಬೆಳಕು ಕೊಡದಿಂದ ಮಗುಚಿದ ಹಾಗೆ ಅವಳ ಮೈಮೇಲೆಲ್ಲ ಸುರಿಯಿತು.

ಕಿಟಕಿ. ಮೊಣಕೈಯುದ್ದ ಆಳದ ಗೋಡೆಯ ಗೂಡಿನಲ್ಲಿ, ಧೂಳು ಹಿಡಿದ ಗಾಜಿನ ದೊಡ್ಡ ಕಿಟಕಿ. ಗುಬ್ಬಿ ಹಲಗೆಯ ಸಂದಿನಲ್ಲಿ ನುಸುಳಿ, ಗೂಡಿನ ಮೇಲೆ ಕೂತು, ಚಿಲಕ ಎತ್ತಿದಳು. ಕೆಳಗೆ ಹೊಳೆ. ಕನಸಿನ ಹೊಳೆಯೇನಲ್ಲ, ಕಂದು ನೀರು, ದಡದಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದ ಒಬ್ಬ ಮನುಷ್ಯ. ಅವನು ತಲೆ ಎತ್ತಿ, ಕೂದಲ ತುಂಬ ಮರದ ಸಿಬಿರು ಸಿಕ್ಕಿಸಿಕೊಂಡ ಹುಡುಗಿಯನ್ನು ಕಂಡು ಕುಂಚ ಹಿಡಿದೇ ನಿಂತ. ಇದೆ, ಇದೆ! ಸುಳ್ಳು ಹೇಳಿರಲಿಲ್ಲ ಆ ಪುಣ್ಯಾತ್ಗಿತ್ತಿ. ಬೀರುವಿನ ಹಿಂದೆ ಇದೆ ಎಂದೇ ತಟ್ಟಿ ತೋರಿಸಿದ್ದಳು.

ಗೂಡಿಗೆ ಬೆನ್ನು ಕೊಟ್ಟು ಕಾಲಿನಿಂದ ತಳ್ಳಿದರೆ ಬೀರು ಗುರ್ ಎನ್ನುತ್ತ ಗೇಣಷ್ಟು ಸರಿಯಿತು. ತೂರಿಕೊಂಡು ಕೋಣೆಗೆ ಇಳಿದಳು. ಹನ್ನೊಂದು ಮುಕ್ಕಾಲು. ಫೋನಿನ ಮೇಲೆ ಕತ್ತರಿಯ ಇನ್ನೊಂದು ಸಂದೇಶ: ‘ಮೇಡಂ?’

ಮುರಿದ ಬೀರು, ಮನೆಯೊಡತಿಗೆ ಹೇಳಲಿಕ್ಕೆ ಹತ್ತೇ ಹತ್ತು ಪದ, ಎಂಟು ದಿನಕ್ಕಾಗುವಷ್ಟು ದುಡ್ಡು. ಯಾವ ಕಡೆಯಿಂದ ನೋಡಿದರೂ ಹೂಂ ಎನ್ನುವುದೇ ಜಾಣತನ. ಗುಬ್ಬಿ ರೆಕಾರ್ಡರನ್ನು ನೋಡಿದಳು. ಕೆಂಪು ಚುಕ್ಕೆ ಇನ್ನೂ ಉರಿಯುತ್ತಿತ್ತು. ಗುದ್ದು, ಚೀರು, ಮೊಳೆಯ ಕುಂಯ್, ಅಜ್ಜಿಗೆಂದು ಬಿಟ್ಟ ಗುಂಡಿಗಳು, ಎಲ್ಲ ಅದರಲ್ಲಿದ್ದವು. ಒಂದನ್ನೂ ತುಂಬದೆ ಹಾಗೇ ಕಳಿಸಿದಳು. ಕೆಳಗೆ ಬರೆದಳು: ‘ಹುಡುಗಿ ಹೊರಗೆ ಬಂದಳು ಸಾರ್. ಇದೇ ಕೊನೆಯ ಕಂತು.’

ಇಯರ್‌ಫೋನು ಸತ್ತಾಗಲೇ ಮಾತು ಫೋನಿನ ಸ್ಪೀಕರಿಗೆ ಬಂದಿತ್ತು. ಹಾಸಿಗೆಯ ಮೇಲೆ, ಹೊಸ ಬಟ್ಟೆಯ ಮಡಿಕೆಯಲ್ಲಿ, ಒಂದು ಸಣ್ಣ ದನಿ ಇನ್ನೂ ಹಟ ಹಿಡಿದು ಕೂತಿತ್ತು.

“ಗುಬ್ಬೀ! ಬೆನ್ನು ತಿರುಗಿಸಿ ಅಂದೆ. ಹೂಂ ಅನ್ನೇ! ನೀನು ಹೂಂ ಅನ್ನದೆ ನಾನು ಹ್ಯಾಗೆ ಮುಂದಕ್ಕೆ ಹೋಗ್ಲಿ? ಏನೇ, ಇವತ್ತೂ ನಿದ್ದೆ ಹೋದ್ಯಾ?”

ಗುಬ್ಬಿ ಫೋನನ್ನು ಎತ್ತಿಕೊಂಡು, ಬೀರುವಿನ ಸಂದಿನಲ್ಲಿ ಮತ್ತೆ ತೂರಿ, ಕಿಟಕಿಯ ಗೂಡಿನಲ್ಲಿ ಕಾಲು ಇಳಿಬಿಟ್ಟು ಕೂತಳು.

“ಇಲ್ಲ ಅಜ್ಜಿ, ಎಚ್ಚರ ಇದ್ದೀನಿ,” ಎಂದಳು. “ಹೂಂ.”