ಮೂಲೆಯ ಮೆಟ್ಟಿಲು

ಡೈರಿಗೆ ಮಾತ್ರ ಹೇಳಿಕೊಂಡ ಚಿಂತೆ ಇದು: ಡಿಗ್ರಿ ಮುಗಿಸಿದ ಇಪ್ಪತ್ತಮೂರರ ಹುಡುಗಿ ಆಟದ ಸಾಮಾನಿನ ಅಂಗಡಿಗೆ ಹೋಗಿ ರೈಲು ಎಂಜಿನ್ ಕೊಡಿ ಎಂದು ಕೇಳುವುದು ಹೇಗೆ? ಮೂರು ಸಲ ಅಂಗಡಿಯ ಮುಂದೆ ಸುಮ್ಮನೆ ಹಾದುಹೋದೆ. ನಾಲ್ಕನೇ ಸಲ ಒಳಗೆ ಕಾಲಿಟ್ಟೆ.

"ಮಗು ಎಷ್ಟು ವರ್ಷದ್ದು?" ಎಂದು ಅಂಗಡಿಯವನು ಕೇಳಿದ.

ಐವತ್ತೊಂಬತ್ತು ಎನ್ನಬೇಕಿತ್ತು. "ಆರು" ಎಂದೆ.

ಎಂಜಿನ್ ಪಕ್ಕದ ಮನೆಯ ಸೀಟಿ ಮಾವನಿಗೆ. ನಾವಿರುವುದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್, ಮಾವನದು ಯಾರ್ಡಿನಲ್ಲಿ ಶಂಟಿಂಗ್ ಕೆಲಸ. ನಿಧಾನ ಚಲಿಸುವ ಎಂಜಿನ್ನಿನ ಮೂಲೆಯ ಮೆಟ್ಟಿಲ ಮೇಲೆ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಸೀಟಿ ಊದಿ ಡ್ರೈವರನಿಗೆ ಹಿಂದೆ ಮುಂದೆ ಹೇಳುವುದು. ರಕ್ತಸಂಬಂಧವೇನಿಲ್ಲ. ಆದರೆ ನನಗೆ ಮಾತು ಬಂದದ್ದು ತಡವಾಗಿ. ಅಲ್ಲಿಯವರೆಗೆ ಏನು ಬೇಕಾದರೂ ಅವರ ಸೀಟಿ ಊದಿಯೇ ಕೇಳುತ್ತಿದ್ದೆನಂತೆ. ಅವರ ನಿವೃತ್ತಿಗೆ ಆರು ತಿಂಗಳಿತ್ತು. ಅವರು ಹನ್ನೊಂದು ವರ್ಷ ದುಡಿದ ಎಂಜಿನ್ನನ್ನೇ, ಅವರು 'ದಡೂತಿ' ಎಂದು ಕರೆಯುವುದನ್ನೇ, ಗೇಣುದ್ದ ಮಾಡಿ ಕೊಡೋಣ ಎಂದದ್ದು ಅಪ್ಪ.

ನಾನು ತಂದದ್ದು ಅಂಗಡಿಯಲ್ಲಿ ಇದ್ದುದರಲ್ಲೇ ಅಗ್ಗದ್ದು. ಬಣ್ಣ ಮಿಠಾಯಿ ಕಾಗದದಂತೆ ಹೊಳೆಯುತ್ತಿತ್ತು. ಕೈಕಂಬಿಗಳು ಕಂಬಿಗಳೇ ಅಲ್ಲ, ಪ್ಲಾಸ್ಟಿಕ್ಕಿನ ಮೈಮೇಲೆ ಬಾಸುಂಡೆಯಂತೆ ಎದ್ದ ಗೆರೆಗಳು. ಕಿಟಕಿಗೆ ಗಾಜಿಲ್ಲ. ಮೂಲೆಯ ನಾಲ್ಕೂ ಮೆಟ್ಟಿಲು ಒಂದೇ ಅಚ್ಚಿನವು, ಬೆಣ್ಣೆಯಲ್ಲಿ ಮಾಡಿದಷ್ಟು ದಪ್ಪ. ಬ್ಲೇಡಿನಿಂದ ಆ ಗೆರೆಗಳನ್ನೆಲ್ಲ ಕೆರೆದು ತೆಗೆದೆ. ಬೆರಳಲ್ಲೇ ತಿರುಗಿಸುವ ಪುಟ್ಟ ಡ್ರಿಲ್ಲಿನಿಂದ ಸೂಜಿಮೊನೆಯಷ್ಟು ತೂತು ಕೊರೆದು, ಹಿತ್ತಾಳೆ ತಂತಿ ಬಗ್ಗಿಸಿ ಸಿಕ್ಕಿಸಿದೆ. ಮಾತ್ರೆ ಬರುವ ಪಾರದರ್ಶಕ ಹಾಳೆ ಕಿಟಕಿಯ ಗಾಜಾಯಿತು. ಮೀನು ಗಾಳದ ಸೀಸದ ಗುಂಡುಗಳನ್ನು ಹೊಟ್ಟೆಗೆ ತುಂಬಿದ ಮೇಲೆ ಅದಕ್ಕೊಂದು ತೂಕ ಬಂತು. ಹೊಳಪು ಅಡಗಲು ಮಂಕು ವಾರ್ನಿಷ್, ಅದರ ಮೇಲೆ ಬಣ್ಣದ ಸೀಮೆಸುಣ್ಣ ಉಜ್ಜಿದ ಪುಡಿ, ಹೊಗೆ ಬರುವ ಕಡೆ ಒಂದಿಷ್ಟು ಮಸಿ.

"ನಾನು ದಿನಾ ಧೂಳು ಹೊಡೆದು ಸಾಯ್ತೀನಿ, ಇವಳು ಕೂತು ಧೂಳು ಅಂಟಿಸ್ತಾಳೆ. ತಾಯಿಗೆ ತಕ್ಕ ಮಗಳು" ಎಂದಳು ಅಮ್ಮ.

ನನ್ನದು ಒಂದೇ ಹಟ. ಕಣ್ಣಿಗೆ ಕಂಡದ್ದನ್ನು ಮಾಡಬೇಕು, ಊಹಿಸಿದ್ದನ್ನು ಮಾಡಬಾರದು. ಅದಕ್ಕೇ ಅಪ್ಪ ಶೆಡ್ಡಿನಿಂದ ದಡೂತಿಯ ಫೋಟೋಗಳನ್ನು ನನ್ನ ಫೋನಿಗೆ ಕಳಿಸುತ್ತಿದ್ದ. ಒಂದು ಮಂಗಳವಾರ ಬೆಳಿಗ್ಗೆ ಬಂದ ಫೋಟೋದಲ್ಲಿ ಎಡಮೂಲೆಯ ಮೆಟ್ಟಿಲು ಸೊಟ್ಟಗಿತ್ತು. ಎರಡು ಬೋಲ್ಟು ಇರಬೇಕಾದಲ್ಲಿ ಒಂದಿತ್ತು. ಇನ್ನೊಂದರ ಜಾಗದಲ್ಲಿ ಖಾಲಿ ತೂತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದನ್ನು ನೋಡಿ ನನಗೆ ಖುಷಿಯಾಯಿತು. ಯಾವ ಅಚ್ಚಿನಲ್ಲೂ ಬಾರದ ಇಂಥದ್ದಕ್ಕೇ ನಾನು ಕಾಯುವುದು. ತಗಡು ಕತ್ತರಿಸಿ ಆ ಸೊಟ್ಟ ಮೆಟ್ಟಿಲನ್ನು ಮಾಡಿ, ಬುಧವಾರ ಸಂಜೆ ಅಪ್ಪನ ಮುಂದೆ ಹಿಡಿದೆ.

ಅಪ್ಪ ಭೂತಗನ್ನಡಿಯಲ್ಲಿ ನೋಡಿ ಹಣೆ ಚಚ್ಚಿಕೊಂಡ. "ಛೇ, ಇದೊಂದು ಹಾಗೇ ಉಳಿದುಹೋಯ್ತು. ನಾಳೆ ಮಧ್ಯಾಹ್ನದ ಪಾಳಿಗೆ ಹೋದ ತಕ್ಷಣ ಮೊದಲು ಇದನ್ನ ಬಿಗೀತೀನಿ."

ಗುರುವಾರ ಬೆಳಿಗ್ಗೆ ಆರೂವರೆಗೆ ಮಾವ ಆ ಮೆಟ್ಟಿಲಿನಿಂದ ಬಿದ್ದರು. ಎಡಪಾದ ಚಕ್ರದಡಿ ಹೋಯಿತು. ತಲೆ ಜಲ್ಲಿಕಲ್ಲಿಗೆ ಬಡಿದು, ಆ ಬೆಳಗಿನದೇನೂ ಅವರಿಗೆ ನೆನಪಿಲ್ಲ.

ಮೆಟ್ಟಿಲು ಹಾಗೇ ಉಳಿದದ್ದು ನನ್ನಿಂದ. ಮಂಗಳವಾರ ಮೂರಕ್ಕೆ ಗ್ರಂಥಾಲಯದ ಕೆಲಸಕ್ಕೆ ನನ್ನ ಸಂದರ್ಶನವಿತ್ತು. ಒಬ್ಬಳೇ ಹೋಗಲಾರೆ ಎಂದು ಕೂತುಬಿಟ್ಟೆ. ಅಪ್ಪ ರಿಜಿಸ್ಟರಿನಲ್ಲಿ 'ಮೆಟ್ಟಿಲು ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿ, ಬೋಲ್ಟು ಮರುದಿನ ಹಾಕಿದರಾಯಿತು ಎಂದುಕೊಂಡು ನನ್ನನ್ನು ಕರೆದುಕೊಂಡು ಹೋದ. ಮರುದಿನ ಮರೆತ. ಆ ಸಂದರ್ಶನದಲ್ಲಿ ನಾನು ನನ್ನ ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ. ಅದನ್ನೂ ಅವರು ಎರಡು ಸಲ ಕೇಳಬೇಕಾಯಿತು.

ಗುರುವಾರ ಮಾವನನ್ನು ಆಸ್ಪತ್ರೆಗೆ ಸಾಗಿಸುವ ಗದ್ದಲದಲ್ಲಿ ಅಪ್ಪ ಯಾರ್ಡಿಗೆ ಓಡಿದ್ದ. ಎಲ್ಲರ ಕಣ್ಣು ಆಂಬುಲೆನ್ಸಿನ ಮೇಲಿದ್ದಾಗ ಮೆಟ್ಟಿಲನ್ನು ಬಡಿದು ನೇರ ಮಾಡಿ, ಎರಡನೇ ಬೋಲ್ಟು ಬಿಗಿದ. ಇದನ್ನು ಅವನೇ ನನಗೆ ಹೇಳಿದ್ದು, ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು, ಗ್ರೀಸು ಹೋಗದ ಕೈಗಳನ್ನು ಮತ್ತೆ ಮತ್ತೆ ಉಜ್ಜಿಕೊಳ್ಳುತ್ತಾ.

"ಆ ಫೋಟೋ ಅಳಿಸಿಬಿಡು ಮಗಳೇ."

"ಅಪ್ಪಾ, ಮಾವ..."

"ಮಾವನ ಪಾದ ನಾನು ಒಪ್ಪಿಕೊಂಡರೆ ವಾಪಸ್ ಬರುತ್ತಾ? ನಾನು ಜೈಲಿಗೆ ಹೋಗ್ತೀನಿ. ನೀನು, ನಿಮ್ಮಮ್ಮ ಬೀದಿಗೆ ಬೀಳ್ತೀರಿ. ಅವನಿಗೆ ಏನೂ ಆಗಲ್ಲ, ಆಕಸ್ಮಿಕ ಅಂತ ಬರೀತಾರೆ. ನಾನು ವಿಚಾರಿಸಿದೀನಿ."

ಅವನ ಎದುರಿಗೇ ಅಳಿಸಿದೆ. ಅವನ ಫೋನಿನಲ್ಲಿ ಆಗಲೇ ಇರಲಿಲ್ಲ.

"ಆ ಆಟಿಕೆಯಲ್ಲೂ ನೇರ ಮಾಡು. ಡಬ್ಬಿಯಲ್ಲಿ ಬಂದ ಹಾಗೆ."

ಇಕ್ಕಳದಲ್ಲಿ ಹಿಡಿದು ಒಮ್ಮೆ ಒತ್ತಿದೆ, ನೇರವಾಯಿತು. ಖಾಲಿ ತೂತಿನ ಮೇಲೆ ಒಂದು ಹನಿ ಅಂಟು ಇಟ್ಟು ಬೋಲ್ಟಿನ ತಲೆ ಮಾಡಿದೆ. ಎರಡು ತಿಂಗಳ ಕೆಲಸದಲ್ಲಿ ನಾನು ನೋಡದೆ ಮಾಡಿದ್ದು ಅದೊಂದೇ. ಆಮೇಲೆ ಡೈರಿ ತೆರೆದರೆ ತಾರೀಖು ಮಾತ್ರ ಬರೆಯುತ್ತಿದ್ದೆ.

ಆಕಸ್ಮಿಕ ಎಂದು ಯಾರೂ ಬರೆಯಲಿಲ್ಲ. ವಿಚಾರಣೆಗೆ ಬಂದ ಸಾಹೇಬರು ರಿಜಿಸ್ಟರ್ ನೋಡಿದರು, ಮೆಟ್ಟಿಲನ್ನು ಒದ್ದು ನೋಡಿದರು. ಗಟ್ಟಿಯಿತ್ತು. ಹಾಗಾದರೆ ಮಾವ ಓಡುವ ಎಂಜಿನ್ನಿನಿಂದ ನಿಯಮ ಮೀರಿ ಹಾರಿದ್ದೇ ಇರಬೇಕು ಎಂದರು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೆಲಸದಿಂದ ವಜಾ, ಕ್ವಾರ್ಟರ್ಸು ಖಾಲಿ, ಅಷ್ಟಕ್ಕೇ ಮುಗಿಯುತ್ತದೆ. ಇಲ್ಲವಾದರೆ ಕೇಸು. ತಿಂಗಳ ಮೇಲೆ ಮಾವ ಆಸ್ಪತ್ರೆಯಿಂದ ಮನೆಗೆ ಬಂದಾಗ, ಸೋಮವಾರದೊಳಗೆ ಹೇಳಬೇಕು ಎಂದರು.

ಭಾನುವಾರ ಮಧ್ಯಾಹ್ನ ಮಾವ ಊರುಗೋಲಿನಲ್ಲಿ ನಮ್ಮ ಮನೆಗೆ ಬಂದರು. ಎರಡು ಮನೆಗಳ ನಡುವಿನ ಹದಿನೈದು ಹೆಜ್ಜೆಗೆ ಅವರ ಅಂಗಿ ಬೆವರಿ ಬೆನ್ನಿಗೆ ಅಂಟಿತ್ತು.

"ಏನು ಮೌನಗೌರಿ, ಒಂದು ದಿನಾನೂ ನೋಡೋಕೆ ಬರಲಿಲ್ಲ? ಕಾಲು ಒಂದು ಕಡಿಮೆ ಆಯ್ತು ಅಂತ ಮಾವ ಕಡಿಮೆ ಆದನಾ?"

ನಾನು ಕುರ್ಚಿ ಎಳೆದೆ. ಅಮ್ಮ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಳು. ಮಾವ ಜೇಬಿನಿಂದ ಮಡಿಸಿದ ಬಿಳಿ ಹಾಳೆ ತೆಗೆದು ಅಪ್ಪನ ಮುಂದೆ ಇಟ್ಟರು.

"ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರೆದುಕೊಡು ಮಾರಾಯ. ನಾನು ಸಹಿ ಹಾಕ್ತೀನಿ."

"ಅವಸರ ಏನು?" ಎಂದ ಅಪ್ಪ.

"ಅವಸರ ನಂದಲ್ಲ, ಸಾಹೇಬರದ್ದು. ಇರು, ಮೊದಲು ನನ್ನ ದಡೂತಿ ತೋರಿಸಿ. ಉಡುಗೊರೆ ಗುಟ್ಟು ಅಂತೆ. ನಿನ್ನ ಹೆಂಡತಿ ಆಸ್ಪತ್ರೆಯಲ್ಲೇ ಬಾಯಿ ಬಿಟ್ಟಳು."

ಅಪ್ಪ ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಎಂಜಿನ್ನನ್ನು ತಂದು ಅವರ ಅಂಗೈ ಮೇಲಿಟ್ಟ. ಮಾವ ಉಸಿರು ಬಿಗಿಹಿಡಿದು ನೋಡಿದರು. ಬಾಗಿಲಿನ ಕೆಳಗೆ ಬಣ್ಣ ಸವೆದ ಕಡೆ, ಮುಂದಿನ ದೀಪದ ಬದಿಯ ತಗ್ಗು, ತಂತಿಯ ಕಂಬಿ, ಒಂದೊಂದರ ಮೇಲೂ ಉಗುರು ಆಡಿಸಿದರು.

"ಈ ತಗ್ಗು ನಾನೇ ಮಾಡಿದ್ದು, ಗೊತ್ತಾ? ಗೂಡ್ಸ್ ಡಬ್ಬಿಗೆ ತಾಗಿಸಿದ್ದೆ. ಅದನ್ನೂ ಬಿಟ್ಟಿಲ್ಲ ಈ ಹುಡುಗಿ." ನಗುತ್ತಲೇ ಎಂಜಿನ್ನನ್ನು ತಿರುಗಿಸಿದರು. ಬೆರಳು ಎಡಮೂಲೆಯ ಮೆಟ್ಟಿಲ ಮೇಲೆ ಬಂದು ನಿಂತಿತು.

"ನೇರವಾಗಿದೆ" ಎಂದರು ಮೆಲ್ಲಗೆ. "ನೋಡು, ಕನಸಿನಲ್ಲಿ ದಿನಾ ಈ ಮೆಟ್ಟಿಲು ಕಾಲಡಿಯಲ್ಲಿ ಜೋಲುತ್ತೆ. ಅದಕ್ಕೇ ಇಷ್ಟು ದಿನ ಸಹಿ ಹಾಕೋಕೆ ಮನಸ್ಸು ಬರಲಿಲ್ಲ. ಸಾಹೇಬರ ಮಾತು ಬಿಡು, ರಿಜಿಸ್ಟರೂ ಬಿಡು. ಇವಳು ಕಂಡಿದ್ದಷ್ಟೇ ಮಾಡೋಳು. ಇವಳ ಕೈಯಲ್ಲಿ ನೇರ ಇದೆ ಅಂದ್ರೆ ನಾನೇ ಹಾರಿರಬೇಕು. ಮುದುಕನಾದೆ, ಬುದ್ಧಿ ಕೆಟ್ಟಿತು. ಬರಿ."

ಅಪ್ಪ ಪೆನ್ನು ತೆಗೆದ. 'ಚಲಿಸುತ್ತಿದ್ದ ಎಂಜಿನ್ನಿನಿಂದ ನಾನೇ' ಎಂದು ಬರೆದ. ಅಕ್ಷರ ನಿಜಕ್ಕೂ ಚೆನ್ನಾಗಿತ್ತು. ಅಲ್ಲಿಗೆ ಪೆನ್ನು ನಿಂತಿತು. ಈಗ ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ಬೇಡಿಕೆಯಿತ್ತು, ಆದರೆ ಯಾವುದರ ಬೇಡಿಕೆ ಎಂದು ನನಗೆ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡಿರು ಎಂದೋ, ತನ್ನ ಕೈ ಹಿಡಿದು ನಿಲ್ಲಿಸು ಎಂದೋ. ನಾನು ಬಾಯಿ ತೆರೆದರೆ ಅಪ್ಪ ಜೈಲಿಗೆ ಹೋಗುತ್ತಾನೆ. ತೆರೆಯದಿದ್ದರೆ ಮಾವ ಇನ್ನು ಬದುಕಿರುವಷ್ಟು ದಿನ ತನ್ನ ಪಾದಕ್ಕೆ ತನ್ನನ್ನೇ ಬೈದುಕೊಳ್ಳುತ್ತಾರೆ, ಅದೂ ನನ್ನ ಕೈಕೆಲಸವನ್ನು ನಂಬಿ. ಫೋಟೋ ಇಲ್ಲ. ತೋರಿಸಲು ನನ್ನ ಬಳಿ ಏನೂ ಉಳಿದಿರಲಿಲ್ಲ.

"ಯಾಕೆ ನಿಲ್ಲಿಸಿದೆ? 'ಇಳಿದೆ' ಅಂತ ಬರಿ" ಎಂದರು ಮಾವ.

ಅಪ್ಪ ಪೆನ್ನನ್ನು ಮತ್ತೆ ಹಾಳೆಗೆ ತಾಗಿಸಿದ.

"ಮಾವ" ಎಂದೆ. ಕೇಳಿಸಲಿಲ್ಲವೇನೋ, ಅವರು ತಲೆ ಎತ್ತಲಿಲ್ಲ. ಇನ್ನೊಮ್ಮೆ, ಅಮ್ಮನೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ. "ಮಾವ, ಆ ಮೆಟ್ಟಿಲಿಗೆ ಒಂದೇ ಬೋಲ್ಟಿತ್ತು. ನೀವು ಬೀಳೋದಕ್ಕೆ ಮುಂಚೆನೇ ನಾನು ನೋಡಿದ್ದೆ."